ಕೊನೆಯ ನುಡಿ ಇಲ್ಲದ ಆಲ್ಬಂ

ಹೊತ್ತು: ರಾತ್ರಿ ಎಂಟಕ್ಕೆ ಹತ್ತು ನಿಮಿಷ ಕಡಿಮೆ. ಹವೆ: ಮಳೆ ನಿಂತಿತ್ತು, ಗಾಳಿಯೂ ಇರಲಿಲ್ಲ. ಇದ್ದವರು: ಬಾವಿಯ ಬಳಿ ಮುತ್ತಪ್ಪ ಒಬ್ಬ, ಆಮೇಲೆ ಸುವರ್ಣಾಳ ಬಾಗಿಲಲ್ಲಿ ಅವಳು ಮತ್ತು ನೆರೆಮನೆಯ ಯಲ್ಲಕ್ಕ. ಯಲ್ಲಕ್ಕ ಬದುಕಿದ್ದಾಳೆ. ಸಂಶಯವಿದ್ದವರು ಬೆಲ್ಲದ ಬಾಗೇವಾಡಿಗೆ ಹೋಗಿ ಕೇಳಬಹುದು.

ಮುತ್ತಪ್ಪ, ಸಿದ್ರಾಯ ಗೀಗೀ ಪದದ ಜೋಡಿ. ಮುಂದೆ ನಿಂತು ಹಾಡುವವನು ಮುತ್ತಪ್ಪ. ಪದ ಕಟ್ಟಿದವನು, ಹಿಂದೆ ನಿಂತು ತುಂತುಣಿಯ ಒಂಟಿ ತಂತಿ ಮೀಟಿದವನು ಸಿದ್ರಾಯ. ಪ್ರತಿ ಪದದ ಕೊನೆಯ ನುಡಿಯಲ್ಲಿ, ಅಂದರೆ ಕೊನೆಯ ಚರಣದಲ್ಲಿ, ಊರಿನ ಹೆಸರು, ಕಟ್ಟಿದವನ ಹೆಸರು ಬರಬೇಕು. ಅದಿಲ್ಲದೆ ಹಾಡು ಇಳಿಸಬಾರದು, ಮುಗಿಸಬಾರದು. ಅದು ಪದ್ಧತಿ. ಆ ನುಡಿಯನ್ನು ಇಪ್ಪತ್ತು ವರ್ಷವೂ ಸಿದ್ರಾಯನೇ ಹಾಡಿದ್ದ.

ಗೋಕಾಕದ ಸ್ಟುಡಿಯೋದಲ್ಲಿ ಅವರ ಮೊದಲ ಆಲ್ಬಂ ರೆಕಾರ್ಡ್ ಆಯಿತು. ತಿಂಗಳೊಳಗೆ ಸಿದ್ರಾಯ ಕಾಮಾಲೆಯಿಂದ ಸತ್ತ. ಹೆಂಡತಿ ಸುವರ್ಣಾ ತುಂತುಣಿಯನ್ನು ಅವನ ಜೊತೆಗೇ ಮಣ್ಣು ಮಾಡಿದಳು. ಮುತ್ತಪ್ಪ ಸ್ಟುಡಿಯೋಕ್ಕೆ ಹೋಗಿ, ಆಲ್ಬಮ್ಮಿನ ಎಂಟೂ ಪದಗಳ ಕೊನೆಯ ನುಡಿ ಕತ್ತರಿಸಿ, ಮುಖಪುಟಕ್ಕೆ ತನ್ನೊಬ್ಬನ ಹೆಸರು ಹಾಕಿಸಿದ.

“ಅಣ್ಣಾರ, ಒಂದ ಪದದಾಗರ ಅವರ ಹೆಸರ ಇರ್ಲಿರಿ,” ಎಂದು ಸುವರ್ಣಾ ಬೇಡಿದಳು.

“ಇದು ಇತಿಹಾಸದಾಗ ಹೋಗೋ ಆಲ್ಬಂ ಐತವ್ವಾ. ಹೆಣಕ್ಕ ಶಾಲು ಹೊದಸ್ತಾರೇನು?” ಮುತ್ತಪ್ಪ ನಕ್ಕ.

ಆಲ್ಬಂ ಹೊರಬಂದ ಸಂಜೆ ಹುಕ್ಕೇರಿಯಲ್ಲಿ ಅವನಿಗೆ ಸತ್ಕಾರ. ಈ ಸೀಮೆಯ ಗೀಗೀ ಪದದ ಚರಿತ್ರೆಯನ್ನು ಇನ್ನು ಈ ಆಲ್ಬಮ್ಮಿಗೆ ಮೊದಲು, ಅನಂತರ ಎಂದೇ ಬರೆಯಬೇಕು ಎಂದು ವಿದ್ವಾಂಸರೊಬ್ಬರು ಸಾರಿದರು. ಮುತ್ತಪ್ಪ ಊರಿಗೆ ಮರಳಿ ಬಸ್ಸಿಳಿದು, ಸತ್ಕಾರದ ಶಾಲು ಹೊದ್ದು, ಮೊದಲ ಪದವನ್ನು ಹಾಡಿಕೊಳ್ಳುತ್ತ ಬಾವಿಯ ದಾರಿ ಹಿಡಿದ.

ಟುಂಯ್…

ಅವನು ನಿಂತ. ಹಾಡು ನಿಲ್ಲಲಿಲ್ಲ. ಬಾಯಿ ತಾನಾಗಿ ಹಾಡುತ್ತಿತ್ತು.

ಟುಂಯ್… ಟುಂಯ್… ಸಡಿಲ ತಂತಿಗೆ ಒದ್ದೆ ಬೆರಳು ತಾಗುವ ಸಪ್ಪಳ. ಬಾವಿಯೊಳಗಿಂದಲ್ಲ… ಬೆನ್ನ ಹಿಂದೆ, ಒಂದು ಮೊಳ ದೂರದಲ್ಲಿ. ಹಿಮ್ಮೇಳದವನು ನಿಲ್ಲುವ ಜಾಗ ಅದು.

ಪದ ಕೊನೆಗೆ ಬಂತು. ತುಂತುಣಿ ನಿಂತಿತು… ಕಾಯಿತು. ಮುತ್ತಪ್ಪನಿಗೆ ಕೊನೆಯ ನುಡಿ ಬಾರದು. ಅವನೆಂದೂ ಅದನ್ನು ಕಲಿತಿರಲಿಲ್ಲ. ಟುಂಯ್. ಪದ ಮೊದಲಿನಿಂದ ಶುರುವಾಯಿತು.

ಸುವರ್ಣಾಳ ಬಾಗಿಲು ಮುಟ್ಟುವಾಗ ಅದು ಏಳನೆಯ ಸಲ. ತುಟಿಯಂಚಿನಲ್ಲಿ ರಕ್ತ. ತುಂತುಣಿ ಕಾಯುವ ಆ ಒಂದು ಉಸಿರಿನಲ್ಲಿ ಮಾತ್ರ ಅವನಿಗೆ ಮಾತು ಹೊರಟಿತು.

“ತಂಗೀ… ಆ ನುಡಿ… ಹೇಳವ್ವಾ…”

ಟುಂಯ್. ಮತ್ತೆ ಹಾಡು.

“ಹೇಳಿಬಿಡ ಸುವರ್ಣಾ. ಸಾಯ್ತಾನ,” ಎಂದು ಯಲ್ಲಕ್ಕ ಪಿಸುಗುಟ್ಟಿದಳು. ಎಂಟೂ ನುಡಿಗಳು ಸುವರ್ಣಾಳಿಗೆ ಬಾಯಿಪಾಠ ಎಂದು ಅವಳಿಗೆ ಗೊತ್ತಿತ್ತು.

ಸುವರ್ಣಾ ಮೊಬೈಲಿನ ಬೆಳಕು ಎತ್ತಿ ಹಿಡಿದಳು. ಮುತ್ತಪ್ಪನ ಬಲಗೈಯ ತೋರುಬೆರಳು ತಂತಿ ಕೊಯ್ದಂತೆ ಎಲುಬಿನವರೆಗೆ ಸೀಳಿತ್ತು. ಅವನು ಜನ್ಮದಲ್ಲಿ ತುಂತುಣಿ ಮುಟ್ಟಿದವನಲ್ಲ. ಯಲ್ಲಕ್ಕ ಅದನ್ನು ಕಣ್ಣಾರೆ ಕಂಡಿದ್ದಾಳೆ. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ಅವನು ಹಾಡುತ್ತಲೇ ಕೈ ಜೋಡಿಸಿದ. ಸುವರ್ಣಾ ಒಂದು ಕದ ಮುಚ್ಚಿದಳು. ಇನ್ನೊಂದಕ್ಕೆ ಕೈ ಇಟ್ಟು, ಓಣಿಗೆಲ್ಲ ಕೇಳುವಂತೆ ಹೇಳಿದಳು:

“ಕತ್ತರಿಸಿದಾವ್ರು ನೀವು, ಇಳಿಸಾವ್ರೂ ನೀವ. ಹಾಡ್ರಿ ಅಣ್ಣಾರ… ಇತಿಹಾಸ ಕೇಳಾಕತ್ತೈತಿ.”