ಹೆಸರು, ವಯಸ್ಸು, ಬೀದಿ

ಸಂಡರ್ಲೆಂಡಿನ ಬಸ್ಸಲ್ಲಿ ಟೆಸ್ಸಾ ಮೊಬೈಲ್ ಒತ್ತುತ್ತಾ ಕೂತಿದ್ಳು. ಮುಂದಿನ ಸೀಟಲ್ಲಿ ಒಬ್ಬ ಹುಡುಗ, ಪಕ್ಕದಲ್ಲಿ ಅವನಜ್ಜಿ. ಹುಡುಗ ಒಂದೇ ಸಮ ಕಾಲು ಕುಣಿಸ್ತಾ ನೋಟ್‌ಬುಕ್ ತೆಗೀತಿದ್ದ, ಮುಚ್ತಿದ್ದ. ಅವರ ಮಾತು ಟೆಸ್ಸಾಗೆ ಕೇಳಿಸ್ತಿತ್ತು.

"ಸ್ವಂತ ಸೋದರಮಾವ ಕಣೋ ಅವನು, ಕೀರನ್!"

"ನಂಗೇನಜ್ಜಿ ಗೊತ್ತಿತ್ತು? ಕಾಲೇಜಲ್ಲಿ, ಕೋರ್ಟಿಗೆ ಹೋಗಿ ಮೊದಲು ಬಂದ ಕೇಸು ವರದಿ ಮಾಡಿ ಅಂದ್ರು. ನೋಡಿದ್ರೆ, ಕುಡಿದು ಕಾರು ಓಡಿಸಿದ್ದಕ್ಕೆ ಡೆನಿಸ್ ಮಾವ ಕಟಕಟೇಲಿ ನಿಂತಿದಾನೆ."

"ಬೇರೆ ಕೇಸು ಬರಿ."

"ಮೇಷ್ಟ್ರು ಪಕ್ಕದಲ್ಲೇ ಇದ್ರಲ್ಲ! ಡಿಗ್ರಿಗೆ ಮುಂಚಿನ ಈ ಫೌಂಡೇಶನ್ ವರ್ಷದಲ್ಲೇ ಫೇಲಾದ್ರೆ ಪತ್ರಿಕೋದ್ಯಮ ಡಿಗ್ರಿಗೆ ಸೇರಿಸ್ಕೊಳ್ಳಲ್ಲ."

"ಅವನ ಹೆಸರು ಹಾಕ್ತೀಯಾ?"

"ಹೆಸರು, ವಯಸ್ಸು, ಬೀದಿ. ಹಾಕ್ಲೇಬೇಕು. ಕಾಲೇಜಿನ ವೆಬ್‌ಸೈಟಲ್ಲಿ ಬರುತ್ತೆ."

"ನಮ್ಮ ಬೀದಿನಾ? ನಾನಿನ್ನು ಬಿಂಗೋ ಆಡೋಕೆ ಯಾವ ಮುಖ ಹೊತ್ಕೊಂಡು ಹೋಗ್ಲೋ?"

"ಹಂಗಾದ್ರೆ ಓದು ಬಿಟ್ಬಿಡ್ಲಾ? ಹೇಳಜ್ಜಿ, ಬಿಡ್ತೀನಿ."

ಅವರ ಸ್ಟಾಪು ಹತ್ತಿರ ಬಂತು. ಅಜ್ಜಿ ಎದ್ದು ಬೆಲ್ ಒತ್ತಿದ್ಳು.

"ಏನು ಬರ್ದಿದೀಯ, ಓದಿ ಹೇಳು."

"ಡೆನಿಸ್ ಹಾಬ್ಸನ್, ಐವತ್ನಾಲ್ಕು ವರ್ಷ..."

"ಐವತ್ತೆರಡು! ಹೆತ್ತೋಳು ನಾನು, ನಂಗೆ ಹೇಳ್ತೀಯಾ? ಬರೆಯೋದಾದ್ರೆ ಸರಿಯಾಗಿ ಬರಿ."

ಕೀರನ್ ಅಲ್ಲೇ ನಿಂತು ತಿದ್ದಿದ. ಅವನ ತೋಳು ಹಿಡ್ಕೊಂಡು ಅಜ್ಜಿ ಬಸ್ಸಿಳಿದ್ಳು.