ದೊಡ್ಡ ವಕೀಲರ ಕೆಮ್ಮು

ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿದುಕೊಂಡಿತು, ಹಿಂದೆಯೇ ಕರೆಂಟೂ ಹೋಯಿತು. ಹೊಲಿಗೆ ಮಿಷನ್ನುಗಳ ಸದ್ದು ನಿಂತೊಡನೆ ತಗಡಿನ ಮೇಲೆ ಬೀಳುವ ಮಳೆಯ ಸದ್ದು ಒಳಗೇ ಬಂದು ಕೂತಂತಾಯಿತು. ಯೂನಿಫಾರ್ಮ್ ತೆಗೆದುಕೊಂಡು ಹೋಗಲು ಬಂದಿದ್ದ ನರ್ಸಮ್ಮನ ಛತ್ರಿ ಗಾಳಿಗೆ ಮಗುಚಿಕೊಂಡಿದ್ದರಿಂದ ಅವರೂ ಉಳಿದರು. ಕಾಜಾ ಹೊಲಿಯುವ ಅಕ್ಕ ಮೇಣದಬತ್ತಿ ಹಚ್ಚಿ ಕತ್ತರಿಸುವ ಮೇಜಿನ ಮೇಲೆ ನಿಲ್ಲಿಸಿದಳು. ನಾನು ಗುಂಡಿಗಳ ಡಬ್ಬಿ ಮುಚ್ಚಿ ಗೋಡೆಗೆ ಒರಗಿ ಕೂತೆ.

"ಅಜ್ಜಿ, ಒಂದು ದೆವ್ವದ ಕತೆ ಹೇಳಿ" ಎಂದಳು ಅಕ್ಕ.

ಅಂಗಡಿಯ ಯಜಮಾನಿಯನ್ನು ನಾವೆಲ್ಲ ಅಜ್ಜಿ ಎಂದೇ ಕರೆಯುವುದು. ಮಾತಿಗೆ ನಿಂತರೆ ಅವರನ್ನು ತಡೆಯುವವರಿಲ್ಲ. ಕತ್ತಿನಲ್ಲಿದ್ದ ಅಳತೆಯ ಟೇಪನ್ನು ಸರಿಮಾಡಿಕೊಂಡು, ಬಟ್ಟೆಯ ಚೂರಿನಲ್ಲಿ ಕನ್ನಡಕ ಒರೆಸುತ್ತಾ ಶುರು ಮಾಡಿದರು.

"ಕತೆ ಯಾಕ್ರೇ, ನಡೆದಿದ್ದನ್ನೇ ಹೇಳ್ತೀನಿ ಕೇಳಿ. ದೊಡ್ಡ ವಕೀಲರನ್ನ ನೀವ್ಯಾರೂ ನೋಡಿಲ್ಲ ಬಿಡಿ. ಈ ಬೀದಿಯ ಆ ತುದೀಲಿ, ಗಡಿಯಾರ ರಿಪೇರಿ ಅಂಗಡಿ ಮೇಲಿನ ಒಂದೇ ಒಂದು ಕೋಣೇಲಿ ವಕೀಲಿ ಶುರು ಮಾಡಿದೋರು ಅವರು. ಮೊದಮೊದಲು ಯಾರು ಬರ್ತಿದ್ರು? ನೊಣ ಹೊಡ್ಕೊಂಡು ಕೂತಿರೋರು. ಆಮೇಲೆ ನೋಡಿ... ಮೆಟ್ಟಿಲ ಮೇಲೆಲ್ಲ ಜನ! ಯಾಕೆ ಅಂತೀರಿ? ಆ ಕೋಣೇಲಿ ಇದ್ದಿದ್ದೇ ಒಂದು ಗಿಡ್ಡ ಬೆಂಚು. ಹಾವು ಮುಂಗುಸಿ ಹಾಗೆ ಕಚ್ಚಾಡ್ಕೊಂಡು ಬಂದ ಅಣ್ಣ ತಮ್ಮಂದಿರನ್ನ ಅದರ ಮೇಲೆ ಒಟ್ಟಿಗೆ ಕೂರಿಸಿ, 'ಈಗ ಬಂದೆ' ಅಂತ ಎದ್ದು ಹೋಗಿಬಿಡೋರು. ತೊಡೆಗೆ ತೊಡೆ ತಾಗಿಸ್ಕೊಂಡು ಎಷ್ಟು ಹೊತ್ತು ಅಂತ ಮುಖ ಊದಿಸ್ಕೊಂಡಿರ್ತೀರಿ? ಅರ್ಧಕ್ಕರ್ಧ ಕೇಸು ಆ ಬೆಂಚಲ್ಲೇ ನಗುನಗ್ತಾ ಮುಗಿಯೋದು. ಕೋರ್ಟಲ್ಲಿ ಒಂದು ದಿನಾನೂ ದನಿ ಏರಿಸಿದೋರಲ್ಲ, ವಕೀಲರ ಸಂಘಕ್ಕೆ ಅಧ್ಯಕ್ಷರಾದ್ರು, ಜಡ್ಜ್ ಆಗಿ ಅಂತ ಮೇಲಿಂದ ಕೇಳಿದ್ರೆ, 'ಅಲ್ಲಿ ಸುಮ್ನೆ ಕೂತು ಕೇಳಬೇಕು, ನನಗೆ ನಿಂತ್ಕೊಂಡ್ರೇನೇ ಮಾತು ಬರೋದು' ಅಂದುಬಿಟ್ರಂತೆ. ಅವರ ಕರಿ ಕೋಟು ಹೊಲೀತಿದ್ದೋಳು ನಾನೇ. ವರ್ಷ ವರ್ಷ ಸೊಂಟ ಸಡಿಲ ಮಾಡಿ ಕೊಟ್ಟಿದ್ದೂ ನಾನೇ!

"ಹೀಗಿರುವಾಗ ನನ್ನ ತಲೆ ಮೇಲೇ ಕಲ್ಲು ಬಿತ್ತು. ಈ ಅಂಗಡಿ ಕಟ್ಟಡದ ಯಜಮಾನರು ತೀರ್ಕೊಂಡ್ರಲ್ಲ, ಅವರ ಅಣ್ಣನ ಮಗ ಬಂದು, 'ಇವಳು ಬಾಡಿಗೆಯವಳೇ ಅಲ್ಲ, ಚಿಕ್ಕಪ್ಪ ಪಾಪ ಅಂತ ಸುಮ್ನೆ ಕೂರಿಸಿದ್ದು, ಎದ್ದು ಹೋಗ್ಲಿ' ಅಂತ ಕೇಸು ಹಾಕಿದ. ತಪ್ಪದೆ ಬಾಡಿಗೆ ಕೊಟ್ಟೋಳು ನಾನು! ಸೋತ್ರೆ ನನ್ನ ಮಿಷನ್ನು ಬೀದೀಲಿ. ಆದ್ರೆ ದೊಡ್ಡ ವಕೀಲರಿಗೆ ಭಯ ಇದ್ದಿದ್ದು ಎದುರಾಳಿದಲ್ಲ, ನನ್ನ ನಾಲಿಗೇದು. 'ಅಮ್ಮಾ, ಕೇಳಿದ್ದಕ್ಕೆ ಮಾತ್ರ ಉತ್ತರ. ನಾನು ಕೆಮ್ಮಿದ್ರೆ ಗಪ್ಪಂತ ಬಾಯಿ ಮುಚ್ಚಿ ಒಂದು ಉಸಿರು ತಗೊಳ್ಳಿ. ಆಮೇಲೆ ನಿಜಾನೇ ಹೇಳಿ, ಆದ್ರೆ ಬೇಕಾದಷ್ಟೇ ಹೇಳಿ' ಅಂತ ಪಾಠ ಮಾಡಿದ್ರು. ಅವರು ಕೆಲಸ ಮಾಡೋ ರೀತೀನೇ ಅದು. ಜಡ್ಜ್ ಸಾಹೇಬ್ರಿಗೂ ಗೊತ್ತಿತ್ತು ಅನ್ನಿ. ಪ್ರತಿ ಸಲ ಗದರೋರು, ಪ್ರತಿ ಸಲ ಇವರು, 'ಹಳೇ ಶೀತ, ಸ್ವಾಮಿ' ಅನ್ನೋರು.

"ನನ್ನ ಸಾಕ್ಷಿ ಇನ್ನೇನು ಬಂತು ಅನ್ನುವಾಗ... ಒಂದು ಮಧ್ಯಾಹ್ನ ಉಂಡು ಮಲಗಿದ ದೊಡ್ಡ ವಕೀಲರು ಏಳಲೇ ಇಲ್ಲ."

ಅಜ್ಜಿ ಒರೆಸಿದ ಕನ್ನಡಕವನ್ನು ಮತ್ತೆ ಮೂಗಿಗೇರಿಸಿಕೊಂಡರು. ಅಕ್ಕ ನನ್ನ ಕಡೆ ಸರಿದು ಕೂತಳು.

"ಅವರ ಮಗಳು ಆಗ ತಾನೇ ಕರಿ ಕೋಟು ಹಾಕಿದ್ದ ಹುಡುಗಿ. 'ಅಪ್ಪನ ಕೇಸು ನಾನು ನಡೆಸ್ತೀನಿ' ಅಂತ ಬಂದು ನಿಂತ್ಲು, ಫೈಲು ತಲೆಕೆಳಗಾಗಿ ಹಿಡ್ಕೊಂಡಿದ್ದಾಳೆ. ಎದುರಿಗೆ ಯಾರು? ಗುಡುಗು ವಕೀಲ! ಅವನು ಬಾಯಿ ತೆಗೆದ್ರೆ ಕಿಟಕಿ ಗಾಜು ಅದುರೋದು. ಅಷ್ಟರಲ್ಲಿ ಬಾಗಿಲಲ್ಲಿ ಕೂಗೋ ಜವಾನ ನನ್ನ ಹೆಸರು ಕೂಗಿದ. ಕೂಗಿ ಸುಮ್ನಿರಬಾರದಾ? ಇಡೀ ಜೀವಮಾನದ ಅಭ್ಯಾಸ ನೋಡಿ, ಬೆನ್ನಿಗೇ 'ದೊಡ್ಡ ವಕೀಲರು ಬರಬೇಕೂ...' ಅಂದುಬಿಟ್ಟ. ಒಂದ್ಸಲ ಅಲ್ಲ, ಪದ್ಧತಿ ಪ್ರಕಾರ ಮೂರು ಸಲ! ಆಮೇಲೆ ನಾಲಿಗೆ ಕಚ್ಕೊಂಡ. ಕಚ್ಕೊಂಡು ಏನು ಬಂತು? ಕೋರ್ಟು ಕರೆದ ಮೇಲೆ ಬಾರದೆ ಇದ್ದೋರಾ ಅವರು?

"ನಾನು ಕಟಕಟೆ ಹತ್ತಿದೆ. ಗುಡುಗು ವಕೀಲ ಅವತ್ತು ಗುಡುಗಲೇ ಇಲ್ಲ ಕಣ್ರೇ, ಬೆಣ್ಣೆ ಹಾಗೆ ಕೇಳಿದ. 'ಯಜಮಾನರು ನಿಮ್ಮನ್ನ ಸ್ವಂತ ಮಗಳ ಹಾಗೆ ನೋಡ್ಕೊಂಡ್ರು, ಅಲ್ವೇನಮ್ಮ? ಪ್ರೀತಿಯಿಂದ ಹಾಗೇ ಬಿಟ್ಟುಕೊಟ್ಟ ಜಾಗ ಅಲ್ವಾ ಇದು?' ಯಜಮಾನರ ನೆನಪಾಗಿ ನನಗೆ ಕಣ್ಣು ತುಂಬಿಬಂತು. 'ಅಯ್ಯೋ ಹೌ...' ಅಂತ ಬಾಯಿ ತೆಗೆದಿದ್ದೀನಿ... ಮಗಳ ಪಕ್ಕದ ಖಾಲಿ ಕುರ್ಚಿಯಿಂದ... ಕೆಮ್ಮು. ಅದೇ ಕೆಮ್ಮು.

"ಜಡ್ಜ್ ಸಾಹೇಬ್ರು ತಲೆ ಬಗ್ಗಿಸ್ಕೊಂಡು ಬರೀತಿದ್ರಾ, ಹಾಗೇ ಗದರಿದ್ರು, 'ವಕೀಲರೇ, ಸಾಕ್ಷಿಗೆ ಕೆಮ್ಮಿ ಹೇಳ್ಕೊಡಬೇಡಿ ಅಂತ ಎಷ್ಟು ಸಲ ಹೇಳೋದು?' ಹೇಳಿ ಆದ ಮೇಲೆ ತಲೆ ಎತ್ತಿದ್ರು. ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತುಹೋಯ್ತು! ಗುಡುಗು ವಕೀಲ ಖಾಲಿ ಕುರ್ಚಿ ಕಡೆ ತಿರುಗಿ ನಡು ಬಗ್ಗಿಸಿ, 'ಕ್ಷಮಿಸಿ ಸಾರ್' ಅಂದ. ನಾನು ಒಂದು ಉಸಿರು ತಗೊಂಡೆ. 'ಪ್ರೀತಿ ಇತ್ತು ಸ್ವಾಮಿ. ಜಾಗ ಬಾಡಿಗೆಗೆ ಕೊಟ್ಟಿದ್ದು' ಅಂದೆ. ಅಷ್ಟೇ! ನನ್ನ ಜನ್ಮದಲ್ಲಿ ಅಷ್ಟು ಚಿಕ್ಕದಾಗಿ ಮಾತಾಡಿದ್ದು ಅದೊಂದೇ ಸಲ. ಮೊದಲು ಯಾರೋ ಕಿಸಕ್ ಅಂದ್ರು, ಆಮೇಲೆ ಇಡೀ ಕೋರ್ಟೇ ನಕ್ಕಿತು, ಸಾಹೇಬ್ರು ಫೈಲಿನ ಹಿಂದೆ ಮುಖ ಮುಚ್ಕೊಂಡು ನಕ್ರು, ಆ ಹುಡುಗಿ ನಗ್ತಾಳೋ ಅಳ್ತಾಳೋ ಗೊತ್ತಾಗ್ಲಿಲ್ಲ. ಆದ್ರೆ ಎದ್ದು ವಾದ ಮಾಡಿದಳಲ್ಲ... ದನಿ ಗಂಟೆ ಹಾಗೆ! ಗೆದ್ವಿ."

"ಹಿಂದೆ ಕೂತ ಯಾರೋ ಕೆಮ್ಮಿರ್ತಾರೆ ಅಜ್ಜಿ" ಎಂದರು ನರ್ಸಮ್ಮ.

"ದಿನಾ ವಾರ್ಡು ತುಂಬ ಕೆಮ್ಮು ಕೇಳೋಳು ನೀನು, ಒಬ್ಬರ ಕೆಮ್ಮು ಇನ್ನೊಬ್ಬರ ಹಾಗಿರುತ್ತಾ, ನೀನೇ ಹೇಳು?"

ನರ್ಸಮ್ಮ ಮಗುಚಿದ ಛತ್ರಿಯ ಕಡ್ಡಿಗಳನ್ನು ನೆಟ್ಟಗೆ ಮಾಡತೊಡಗಿದರು.

"ಆಮೇಲೆ ಆ ಅಣ್ಣನ ಮಗ ದೊಡ್ಡ ಕೋರ್ಟಿಗೆ ಹೋದ. ಈಗ ಅವನಿಗೂ ಸಾಕಾಗಿದೆ, 'ರಾಜಿ ಆಗೋಣ, ಅಂಗಡಿ ನೀವೇ ಇಟ್ಕೊಳ್ಳಿ' ಅಂತಾನೆ. ನಾನು ಒಪ್ಪಲ್ಲ! ವಕೀಲರ ಮಗಳೂ ಒಪ್ಪಲ್ಲ. ಪ್ರತಿ ಸಲ ಇಬ್ರೂ ಸೇರಿ ಮುಂದಿನ ತಾರೀಖು ಕೇಳ್ಕೊಂಡು ಬರ್ತೀವಿ. ಹುಚ್ಚಿ ಅಂದ್ಕೋಬೇಡಿ. ಕೇಸು ಮುಗಿಯೋ ತನಕ ಕೈ ಬಿಡಲ್ಲ ಅಂತ ನನಗೆ ಮಾತು ಕೊಟ್ಟೋರು ದೊಡ್ಡ ವಕೀಲರು. ಮುಗಿಸಿದ್ರೆ ಎದ್ದು ಹೋಗ್ತಾರಲ್ಲ... ನಾವು ಯಾಕೆ ಮುಗಿಸ್ಬೇಕು? ನಾಳೇನೂ ತಾರೀಖಿದೆ."

ಮಳೆ ತೆಳುವಾಗಿತ್ತು. ಎಲ್ಲರ ಮುಂದೆ ಮಾತಾಡುವವಳಲ್ಲ ನಾನು. ಆದರೂ ಕೇಳಿಬಿಟ್ಟೆ. "ಅಜ್ಜಿ, ನಾಳೆ ನಾನೂ ನಿಮ್ಮ ಜೊತೆ ಬರಲಾ?"

ಅಜ್ಜಿ ನನ್ನ ಮುಖ ನೋಡಿ ನಕ್ಕರು.

"ಬಾ ಅಂತ ನನಗೂ ಆಸೆ ಮಗಾ. ಆದ್ರೆ ಆಟೋ ಹಿಂದಿನ ಸೀಟಲ್ಲಿ ಎಷ್ಟು ಜನ ಹಿಡಿಸ್ತಾರೆ ಹೇಳು? ಆ ಕಡೆ ಮಗಳು, ಈ ಕಡೆ ನಾನು... ನಡುವೆ ಜಾಗ ಇರಲ್ಲ ಕಣೆ."