ಮಲತಾಯಿಯ ಬಾಯಲ್ಲಿ

ಹಲ್ಲಿನ ಡಾಕ್ಟರ ಬಾಗಿಲಲ್ಲಿ ಚೀಟಿ ಬರೆಯುತ್ತಿದ್ದ ಕಾಂಪೌಂಡರನ ಕಿವಿಗೆ ಬೆಂಚಿನ ಮೇಲಿದ್ದ ಟೀಚರಮ್ಮ ಮತ್ತು ಒಬ್ಬ ಹೆಂಗಸಿನ ಮಾತು ಬಿತ್ತು. ಹೆಂಗಸಿನ ಮಗಳು ಒಳಗಿದ್ದಳು.

“ಕ್ಲಾಸಲ್ಲಿ ರಾಜಕುಮಾರಿ ಕಥೇನ ಮಲತಾಯಿ ಬಾಯಲ್ಲಿ ಬರೀರಿ ಅಂದಿದ್ದೆ. ಎಲ್ರೂ ‘ನಾನು ಬಲು ಕೆಟ್ಟವಳು’ ಅಂತಾನೇ ಶುರು ಮಾಡಿದಾರೆ!”

“ನಮ್ಮವಳು? ನಾನು ಹೆತ್ತೋಳಲ್ಲ, ಗೊತ್ತಲ್ಲ ನಿಮಗೆ.”

“‘ಜಡೆ ಹಾಕುವಾಗ ನನಗೆ ಭಯ. ಸ್ವಲ್ಪ ಎಳೆದರೂ ಜನ ಮಲತಾಯಿ ಅನ್ನುತ್ತಾರೆ. ಅದಕ್ಕೇ ಸಡಿಲವಾಗಿ ಹಾಕುತ್ತೇನೆ.’ ಹೀಗೆ ಬರ್ದಿದಾಳೆ.”

“ಅದನ್ನ ನಾನು ಯಾರ ಹತ್ರಾನೂ ಬಾಯಿ ಬಿಟ್ಟು ಹೇಳಿಲ್ಲ, ಟೀಚರ್.”

ಹುಡುಗಿ ಕೆನ್ನೆ ಹಿಡಿದುಕೊಂಡು ಹೊರಬಂದಳು. ಜಡೆ ಅರ್ಧ ಬಿಚ್ಚಿತ್ತು. ತಾಯಿ ಅವಳನ್ನು ತಿರುಗಿಸಿ ನಿಲ್ಲಿಸಿ, ಬಿಗಿಯಾಗಿ ಎಳೆದು ಹೆಣೆಯತೊಡಗಿದಳು.

“ಅಯ್ಯೋ, ನೋಯುತ್ತಮ್ಮಾ!”

“ನೋಯ್ಲಿ. ಸುಮ್ನೆ ನಿಂತ್ಕೋ.”

ಅವರು ಮೆಟ್ಟಿಲಿಳಿದ ಮೇಲೇ ಕಾಂಪೌಂಡರನಿಗೆ ಮುಂದಿನ ಚೀಟಿ ನೆನಪಾದದ್ದು.